ಚೀಲ ಸಮೇತ ನೆಡಿ

ಕಾಗದ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಶಂಕ್ರಪ್ಪನವರು ಅದನ್ನು ಕಣ್ಣಿನ ಹತ್ತಿರ ಹಿಡಿಯುವುದಿಲ್ಲ, ಕಿವಿಯ ಹತ್ತಿರ ಹಿಡಿಯುತ್ತಾರೆ. ಒಂದು ಮೂಲೆ ಹಿಡಿದು ಅಲ್ಲಾಡಿಸಿದರೆ ಗಟ್ಟಿ ಕಾಗದ ಖಡಖಡ ಎನ್ನುತ್ತದೆ. ಕೆಟ್ಟ ಕಾಗದ ಹಳೆಯ ಪಂಚೆಯ ಹಾಗೆ ಸುಮ್ಮನಿರುತ್ತದೆ. ಮದುವೆಯ ಕರೆಯೋಲೆ ಬಂದರೂ ಓದುವ ಮೊದಲು ಅವರು ಅಲ್ಲಾಡಿಸಿ ನೋಡುತ್ತಿದ್ದರು. ಅವರ ಹೆಂಡತಿ ಸಕ್ಕುಬಾಯಿ ನಗುತ್ತಿದ್ದರು. "ಮದುವಿ ಯಾರದು ಅಂತ ನೋಡೂದು ಬಿಟ್ಟು ಅದೇನ ಗಿಲಕಿ ಆಡಸ್ತೀರಿ?"

ನಾವು ದಾಂಡೇಲಿಯ ಬಂಗೂರನಗರದ ಹಿಂದಿನ ಸಾಲಿನಲ್ಲಿ ಅವರ ಪಕ್ಕದ ಮನೆಯವರು. ಇದನ್ನು ಬರೆಯುವ ಮೊದಲು ಸಕ್ಕುಬಾಯಿಯವರನ್ನು ಎರಡು ಸಲ, ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವ ಇಜಾಬೆಲ್‌ಬಾಯಿಯವರನ್ನು ಎರಡು ಸಲ ಕೇಳಿದ್ದೇನೆ. ಶಂಕ್ರಪ್ಪನವರನ್ನು ಒಂದೇ ಸಲ ಕೇಳಲು ಸಾಧ್ಯವಾಯಿತು.

ಅವರ ಹುಟ್ಟೂರು ನವಲಗುಂದದ ಕಡೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಾಂಡೇಲಿಗೆ ಬಂದು ಕಾಗದದ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು. ಬೆಂದು ರಾಡಿಯಾದ ಬಿದಿರನ್ನು ಯಂತ್ರದಲ್ಲಿ ಜಜ್ಜುವ ವಿಭಾಗದಲ್ಲಿ ಮೂವತ್ತೇಳು ವರ್ಷ ಕಳೆದರು. ಹೆಚ್ಚು ಹೊತ್ತು ಜಜ್ಜಿದಷ್ಟೂ ನಾರು ನಾರಿಗೆ ಅಂಟಿ ಕಾಗದ ಗಟ್ಟಿಯಾಗುತ್ತದೆ. ಎಷ್ಟು ಹೊತ್ತು ಎಂಬುದನ್ನು ಅವರು ರಾಡಿಯನ್ನು ಬೆರಳಲ್ಲಿ ತಿಕ್ಕಿಯೇ ತಿಳಿಯುತ್ತಿದ್ದರು. ಅವರಿಗೆ ಕೆಲಸ ಕಲಿಸಿದವರು ಕರಿಬಸಪ್ಪ ಎಂಬ ಹಿರಿಯರು. ಅವರು ಮೊದಲ ವಾರವೇ ಒಂದು ಮಾತು ಹೇಳಿದ್ದರಂತೆ. "ಕೆಲಸ ಬೇಕಾದವರಿಗೆ ತೋರಸು ತಮ್ಮಾ, ಅಳತಿ ಮಾತ್ರ ಯಾರಿಗೂ ಹೇಳಬ್ಯಾಡ. ಹೇಳಿದಿ ಅಂದ್ರ ನಾಳಿ ನಿನ್ನ ಜಾಗಾದಾಗ ಅವನ್ನ ನಿಲ್ಲಸ್ತಾರ." ಶಂಕ್ರಪ್ಪನವರು ಈ ಮಾತನ್ನು ಕೆಲಸ ಬಿಟ್ಟ ಮೇಲೂ ಪಾಲಿಸಿದರು. ಹೆಂಡತಿಗೆ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದೆ ಎಂದೂ ಹೇಳುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ದಿನಾ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ಅಲ್ಲಿ ಇಜಾಬೆಲ್‌ಬಾಯಿಯವರ ಕೈಗಾಡಿ ಇದೆ. ಅವರು ಸಿದ್ದಿ ಸಮಾಜದವರು. ಹಳಿಯಾಳದ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಅವರ ಮನೆ, ಮನೆಯ ಹಿಂದೆ ಒಂದೆಕರೆ ಜಾಗ. ಮುಂಡಗೋಡದ ಕಡೆಯಿಂದ ಬರುವ ಅನಾನಸನ್ನು ಹೆಚ್ಚಿ, ಉಪ್ಪುಖಾರ ಹಚ್ಚಿ, ದಾಂಡೇಲಿಗೆ ಬರುವ ಪ್ರವಾಸಿಗರಿಗೆ ಮಾರುತ್ತಾರೆ. ಸಂಜೆಯ ಹೊತ್ತಿಗೆ ಗಾಡಿಯ ಕೆಳಗೆ ಎರಡು ಚೀಲ ಸಿಪ್ಪೆ ಸೇರುತ್ತಿತ್ತು. ನೊಣ ಮುತ್ತುತ್ತಿತ್ತು. ಕಸದ ಗಾಡಿಯವರು ದಿನಾ ಬೈಯುತ್ತಿದ್ದರು.

ಒಂದು ದಿನ ಶಂಕ್ರಪ್ಪನವರು ಒಂದು ಸಿಪ್ಪೆ ಎತ್ತಿಕೊಂಡು ಉಗುರಿನಿಂದ ಎಳೆದು ನೋಡತೊಡಗಿದರು.

"ಯಾಕ ಅಣ್ಣಾ, ಹಸಿವಾಗೈತೇನ? ಹಣ್ಣ ತಿನ್ನು, ಸಿಪ್ಪಿ ಆಕಳಿಗಿರ್ಲಿ," ಎಂದರು ಇಜಾಬೆಲ್‌ಬಾಯಿ.

"ಇದರಾಗ ನಾರೈತಿ ಇಜಾಬೆಲ್‌ಬಾಯಿ."

"ನನ್ನ ಹಲ್ಲಿನ ಸಂದ್ಯಾಗೂ ಐತಿ. ಒಯ್ತಿಯೇನ?"

ಆ ದಿನ ಅವರು ಒಂದು ಚೀಲ ಸಿಪ್ಪೆಯನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರು. ಸ್ನಾನದ ಹಂಡೆಯಲ್ಲಿ ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿದರು. ಮೂರು ನೀರಿನಲ್ಲಿ ತೊಳೆದು ಒರಳಿನಲ್ಲಿ ಜಜ್ಜಿದರು. ಬಾಳೆಹಣ್ಣಿನ ಸಿಪ್ಪೆ, ಮೋಸಂಬಿ ಸಿಪ್ಪೆಯನ್ನೂ ಸೇರಿಸಿದರು. ಅನ್ನದ ಗಂಜಿ ಕಲಸಿ, ಸೊಳ್ಳೆ ತಡೆಯುವ ಜಾಳಿ ಬಡಿದ ಚೌಕಟ್ಟಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿದರು. ಸಕ್ಕುಬಾಯಿ ಎಂಟು ದಿನ ಹಂಡೆ ತಿಕ್ಕಿದರೂ ಅನಾನಸಿನ ವಾಸನೆ ಹೋಗಲಿಲ್ಲ. "ನಾ ಇನ್ನ ಮ್ಯಾಲ ಶರಬತ್ತಿನಾಗ ಜಳಕಾ ಮಾಡೂದು," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಆದರೆ ಕಂದು ಬಣ್ಣದ ಆ ಹಾಳೆಯನ್ನು ಮೊದಲು ಬಿಸಿಲಿನಿಂದ ಎತ್ತಿ ಒಳಗಿಟ್ಟವರೂ ಅವರೇ.

ಹಾಳೆಯಿಂದ ಏನು ಮಾಡಬೇಕೆಂದು ಹೇಳಿದವರು ಇಜಾಬೆಲ್‌ಬಾಯಿ. ಅವರು ವಯಸ್ಸಿನಲ್ಲಿದ್ದಾಗ ಹನ್ನೆರಡು ಮಳೆಗಾಲ ಸಸಿ ನೆಡುವ ಕೂಲಿಗೆ ಹೋಗಿದ್ದರು. ಸಸಿಗಳು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಪ್ರತಿ ಚೀಲವನ್ನೂ ಬ್ಲೇಡಿನಿಂದ ಸೀಳಿ, ಬೇರಿನ ಮಣ್ಣು ಒಡೆಯದ ಹಾಗೆ ಗುಂಡಿಗಿಳಿಸಬೇಕು. ಸೀಳಿದ ಚೀಲ ಅಲ್ಲೇ ಕಾಡಿನಲ್ಲಿ ಬೀಳುತ್ತದೆ.

"ನಾವು ಗಿಡಕಿಂತ ಪ್ಲಾಸ್ಟಿಕ್ ಜಾಸ್ತಿ ಹಚ್ಚೇವಿ ಅಣ್ಣಾ," ಎಂದರು ಅವರು. "ಮಣ್ಣಾಗ ತಾನ ಕರಗೂ ಚೀಲ ಮಾಡು ನೋಡೂಣು. ಸಿಪ್ಪಿ ನಂದು, ಬುದ್ಧಿ ನಿಂದು."

ಅದೇ ಕೆಲಸವಾಯಿತು. ಹಾಳೆಯನ್ನು ಪೈಪಿನ ತುಂಡಿಗೆ ಸುತ್ತಿ, ತಳವನ್ನು ಮಡಿಸಿ ಗಂಜಿಯಿಂದ ಅಂಟಿಸಿ, ನೀರು ಬಸಿಯಲು ಎರಡು ತೂತು ಮಾಡಿದರೆ ಒಂದು ಚೀಲ. ಮೊದಲ ಮುನ್ನೂರು ಚೀಲಗಳನ್ನು ಶಂಕ್ರಪ್ಪನವರು ಹಳಿಯಾಳ ರಸ್ತೆಯಲ್ಲಿ ಸಸಿ ಬೆಳೆಸಿ ಮಾರುವ ಮಹಾಬಳೇಶ್ವರ ಎಂಬವರಿಗೆ ಕೊಟ್ಟರು. ಜೂನ್ ತಿಂಗಳು. ಹನ್ನೊಂದನೆಯ ದಿನಕ್ಕೆ ಚೀಲಗಳು ಮಳೆಗೆ ಮೆತ್ತಗಾಗಿ ಕುಸಿದವು. ಸಸಿಗಳು ಒಂದರ ಮೇಲೊಂದು ಬಿದ್ದವು.

"ಶಂಕ್ರಪ್ಪನವರ, ನಿಮ್ಮ ಚೀಲ ಪಾಯಸ ಆಗ್ಯಾವು ನೋಡ್ರಿ," ಎಂದರು ಮಹಾಬಳೇಶ್ವರ, ಕೆಲಸದ ಹೆಂಗಸರೆಲ್ಲ ನಿಂತಿದ್ದಾಗಲೇ. "ಒಂದ ವಾಟಗಾ ತರ್ರಿ, ಬಡಸೂಣು."

ಹೆಂಗಸರು ನಕ್ಕರು. ಮೂವತ್ತೇಳು ವರ್ಷದಲ್ಲಿ ಶಂಕ್ರಪ್ಪನವರು ಜಜ್ಜಿದ ರಾಡಿಯ ಕಾಗದ ಹರಿದದ್ದನ್ನು ಯಾರೂ ಅವರ ಮುಖಕ್ಕೆ ತೋರಿಸಿರಲಿಲ್ಲ. ಅವರು ಅಲ್ಲಿಂದ ನೇರ ಮನೆಗೆ ಬಂದರು. ಆ ವಾರ ಅವರು ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲವೆಂದು ಸಕ್ಕುಬಾಯಿ ಹೇಳುತ್ತಾರೆ.

ಚೀಲಕ್ಕೆ ಎರಡು ಗುಣ ಬೇಕಿತ್ತು. ಸಸಿ ಬೆಳೆಯುವ ಮೂರು ತಿಂಗಳು ಮಳೆಯಲ್ಲಿ ನಿಲ್ಲಬೇಕು. ನೆಟ್ಟ ಮೇಲೆ ಬೇಗ ಮಣ್ಣಿನಲ್ಲಿ ಕೊಳೆಯಬೇಕು. ಶಂಕ್ರಪ್ಪನವರ ತಲೆಯಲ್ಲಿ ಆ ಚಳಿಗಾಲವಿಡೀ ಮೊದಲನೆಯದೊಂದೇ ಉಳಿಯಿತು. ಒರಳು ಬಿಟ್ಟು ಹಳೆಯ ರುಬ್ಬುವ ಯಂತ್ರ ತಂದರು, ಎರಡರಷ್ಟು ಹೊತ್ತು ಜಜ್ಜಿದರು. ಆಮೇಲೆ ಜೋಯಿಡಾ ಕಡೆಯ ಮನೆಗಳಲ್ಲಿ ತಾವು ಕಂಡಿದ್ದ ಒಂದು ಸಂಗತಿ ನೆನಪಾಯಿತು. ಅಲ್ಲಿ ಮಾಡಿನ ಮರಕ್ಕೆ ಗೆದ್ದಲು ಹತ್ತದಿರಲೆಂದು ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ ಬಳಿಯುತ್ತಾರೆ. ಅವರು ಒಂದು ಡಬ್ಬಿ ಎಣ್ಣೆ ತಂದರು. ಕಾಯಿಸಿ, ಚೀಲದ ಹೊರಮೈಗೆ ಬಟ್ಟೆಯಿಂದ ತೆಳ್ಳಗೆ ಸವರಿ, ಎಂಟು ದಿನ ಬಿಸಿಲಿಗಿಟ್ಟರು. ಇದೂ ಸಿಪ್ಪೆಯದೇ ಎಣ್ಣೆ, ಪ್ಲಾಸ್ಟಿಕ್ ಅಲ್ಲವಲ್ಲ ಎಂದುಕೊಂಡಿದ್ದೆ ಎಂದು ಅವರು ನನಗೆ ಹೇಳಿದರು.

ಒಂದು ಚೀಲವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ನಲವತ್ತು ದಿನ ಇಟ್ಟರು. ತೆಗೆದು ಒಣಗಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಖಡಖಡ ಎಂದಿತು. ಅಂದು ಅವರು ಸಕ್ಕುಬಾಯಿಗೆ ಪೇಢೆ ತಂದುಕೊಟ್ಟರು. ಒಂದು ಚೀಲವನ್ನು ಮಣ್ಣಿನಲ್ಲಿ ಹೂತು ನೋಡಬೇಕೆಂದು ಅವರಿಗೆ ತೋಚಲಿಲ್ಲ.

ಮಹಾಬಳೇಶ್ವರ ಹೊಸ ಚೀಲವನ್ನು ಎಳೆದು ನೋಡಿ, ನೀರು ಹೊಯ್ದು ನೋಡಿ, ಬೆರಗಾದರು. "ಏನ ಹಾಕೀರಿ ಇದಕ?"

"ಏನೂ ಇಲ್ಲರಿ. ಹೊಡತಾ ಜಾಸ್ತಿ ಕೊಟ್ಟೇನಿ, ಅಷ್ಟ."

"ಬರೇ ಸಿಪ್ಪಿ?"

"ಬರೇ ಸಿಪ್ಪಿ."

"ಹಂಗಾರ ಒಬ್ಬರ ಹೊಲದಾಗ ಒಂದ ವರ್ಷ ನೋಡೂಣ್ರಿ. ಗಿಡ ಬಂದ್ರ ನನಗ ಐದ ಸಾವಿರ ಚೀಲ ಬೇಕು."

ಆ ಮೇ ತಿಂಗಳಲ್ಲಿ ಇಜಾಬೆಲ್‌ಬಾಯಿಯವರ ಮನೆಯಲ್ಲಿ ಒಂದು ನಷ್ಟವಾಯಿತು. ಅವರ ತಾಯಿ ನೆಟ್ಟ ಹಲಸಿನ ಮರವೊಂದು ಹಿತ್ತಲಲ್ಲಿತ್ತು. ತೊಳೆ ದಪ್ಪ, ನಾರಿಲ್ಲ, ಒಳಗೆ ಕೆಂಪು. ಸುತ್ತಲಿನ ಸಣ್ಣ ಹಳ್ಳಿಗಳವರೆಲ್ಲ ಅದರ ಹಣ್ಣು ಕೇಳಿಕೊಂಡು ಬರುತ್ತಿದ್ದರು. ಮಳೆಗೆ ಮುಂಚಿನ ಗಾಳಿಗೆ ಆ ಮರ ಹಣ್ಣು ಹೊತ್ತುಕೊಂಡೇ ಬುಡಸಮೇತ ಉರುಳಿತು. ಹಲಸಿನ ಬೀಜವನ್ನು ಮುಂದಿನ ವರ್ಷಕ್ಕೆಂದು ಕಾದಿಡಲಾಗುವುದಿಲ್ಲ. ಕೆಲವೇ ವಾರಗಳಲ್ಲಿ ಅದು ಸಾಯುತ್ತದೆ. ಆ ಮರದಿಂದ ಇನ್ನೊಂದು ಮರವಾಗಬೇಕಾದರೆ ಆಗಲೇ ಆಗಬೇಕಿತ್ತು. ಇಜಾಬೆಲ್‌ಬಾಯಿ ಬಿದ್ದ ಮರದ ಹಣ್ಣು ಒಡೆದು ಒಳ್ಳೆಯ ಬೀಜ ಆರಿಸಿ, ಬುಟ್ಟಿ ಹೊತ್ತು ಶಂಕ್ರಪ್ಪನವರ ಮನೆಗೇ ಬಂದರು.

"ಅಣ್ಣಾ, ನಮ್ಮವ್ವನ ಮರ ಬಿತ್ತು. ಇಷ್ಟ ಉಳದೈತಿ. ನಿನ್ನ ಚೀಲದಾಗ ಹಾಕ್ತೇನಿ. ಹಾಕ್ಲ್ಯಾ?"

"ಕಣ್ಣ ಮುಚ್ಚಿ ಹಾಕು," ಎಂದರು ಶಂಕ್ರಪ್ಪನವರು.

ಎಂಬತ್ತಮೂರು ಬೀಜ ಮೊಳೆತವು. ಹೊಸ ಚೀಲಗಳು ಎಪ್ಪತ್ತೆಂಟೇ ಇದ್ದವು. ಉಳಿದ ಐದನ್ನು ಇಜಾಬೆಲ್‌ಬಾಯಿ ಶಂಕ್ರಪ್ಪನವರು ಹಿಂದೆ ಕೊಟ್ಟು ತಮ್ಮ ಅಟ್ಟದಲ್ಲಿ ಬಿದ್ದಿದ್ದ, ಎಣ್ಣೆ ಇಲ್ಲದ ಮೊದಲ ಸಲದ ಚೀಲಗಳಿಗೆ ಹಾಕಿ, ಮಳೆ ತಾಗದಂತೆ ಸೂರಿನ ಕೆಳಗಿಟ್ಟರು.

ಆಗಸ್ಟ್ ತಿಂಗಳಲ್ಲಿ ನೆಡುವ ದಿನ ಶಂಕ್ರಪ್ಪನವರು ಬಿಳಿ ಅಂಗಿ ಹಾಕಿಕೊಂಡು ಹೋದರು. ಮಹಾಬಳೇಶ್ವರ ಒಂದು ಹಲಗೆ ಬರೆಸಿ ತಂದಿದ್ದರು. 'ಹಣ್ಣಿನ ಸಿಪ್ಪೆಯ ಚೀಲ. ಮಣ್ಣಿನಲ್ಲಿ ಕರಗುತ್ತದೆ. ಚೀಲ ಸಮೇತ ನೆಡಿ.' ಹಲಗೆಯ ಪಕ್ಕದಲ್ಲಿ ಶಂಕ್ರಪ್ಪನವರನ್ನು ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋ ದಾಂಡೇಲಿಯ ಎಷ್ಟೋ ಮೊಬೈಲುಗಳಿಗೆ ಬಂತು, ನಮ್ಮ ಮನೆಗೂ ಬಂತು.

ಇಜಾಬೆಲ್‌ಬಾಯಿ ಮೊದಲ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಡಗೈಯಲ್ಲಿ ಸಸಿ ಹಿಡಿದರು. ಬಲಗೈ ಹಳೆಯ ರೂಢಿಯಂತೆ ಸೊಂಟಕ್ಕೆ ಹೋಗಿ ಬ್ಲೇಡು ತೆಗೆಯಿತು.

"ಏ, ಬ್ಲೇಡ್ ಯಾಕ?" ಎಂದು ಶಂಕ್ರಪ್ಪನವರು ಓಡಿ ಬಂದರು.

"ಸುಮ್ನ ಒಂದ ಗೀರು ಕೊಡ್ತೇನಿ ಅಣ್ಣಾ. ಹಲಸಿನ ತಾಯಿಬೇರು ನೆಟ್ಟಗ ಇಳೀತೈತಿ. ತಡದ್ರ ಸಿಟ್ಟ ಮಾಡತೈತಿ."

"ಸೀಳಿ ಹಚ್ಚೂದಾದ್ರ ನನ್ನ ಚೀಲ ಯಾಕ ಬೇಕು? ಪ್ಲಾಸ್ಟಿಕ್ ಸಾಕಾಗಿತ್ತಲ್ಲ! ಅಲ್ಲೇ ಬರದಾರ ನೋಡು."

"ನನಗ ಓದಾಕ ಬರಲ್ಲ."

"ನಾ ಹೇಳ್ತೇನಲ್ಲ. ಹಂಗ ಇಳಸು."

ಇಜಾಬೆಲ್‌ಬಾಯಿ ಒಂದು ಗಳಿಗೆ ಅವರ ಮುಖ ನೋಡಿದರು. ಬ್ಲೇಡನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಎಪ್ಪತ್ತೆಂಟು ಸಸಿಗಳನ್ನು ಚೀಲ ಸಮೇತ ನೆಟ್ಟರು. ಸೂರಿನ ಕೆಳಗಿದ್ದ ಐದು ಸಸಿಗಳ ಚೀಲ ಮೆತ್ತಗಾಗಿ, ಒಂದು ಬದಿ ಬಾಯಿ ಬಿಟ್ಟಿತ್ತು. ಶಂಕ್ರಪ್ಪನವರಿಗೆ ಫೋಟೋ ತೆಗೆಯುವವರ ಮುಂದೆ ಅವನ್ನು ನೋಡಿ ನಾಚಿಕೆಯಾಯಿತು. "ಅವು ಸೆಕೆಂಡ್ ಮಾಲು. ಬದುವಿನ ಮ್ಯಾಲ ಎಲ್ಲ್ಯಾರ ಹಚ್ಚು," ಎಂದರು.

ಮಳೆ ಇರುವವರೆಗೆ ಎಲ್ಲವೂ ಹಸಿರಾಗಿಯೇ ಇದ್ದವು. ದೀಪಾವಳಿ ಕಳೆದ ಮೇಲೆ ಎಲೆಯ ಅಂಚು ಸುಟ್ಟಂತಾಯಿತು. ಇಜಾಬೆಲ್‌ಬಾಯಿ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು. ಶಂಕ್ರಪ್ಪನವರು, "ನೀರ ಕಡಿಮಿ ಆಗೈತಿ," ಎಂದರು. ಇಜಾಬೆಲ್‌ಬಾಯಿ ದಿನಾ ಕೊಡ ಹೊತ್ತು ನೀರು ಹಾಕಿದರು. ನೀರು ಹೆಚ್ಚಿದಷ್ಟೂ ಎಲೆ ಹಳದಿಯಾಯಿತು. ಮಹಾಬಳೇಶ್ವರ ಬಂದು ನೋಡಿ, ಮಣ್ಣಿನ ದೋಷ ಎಂದರು. ಯಾವ ದೋಷ ಎಂದು ಹೇಳಲಿಲ್ಲ. ಫೆಬ್ರವರಿ ಹೊತ್ತಿಗೆ ಮೂವತ್ತೆಂಟು ಸಸಿಗಳು ಕಡ್ಡಿಯಾಗಿದ್ದವು. ಬದುವಿನ ಮೇಲಿನ ಐದಕ್ಕೆ ಮಾತ್ರ ಹೊಸ ಚಿಗುರು ಬಂದಿತ್ತು. ಅವಕ್ಕೆ ಯಾರೂ ನೀರೇ ಹಾಕಿರಲಿಲ್ಲ.

ಆ ಐದನ್ನು ನೋಡುತ್ತ ನಿಂತಾಗ ಇಜಾಬೆಲ್‌ಬಾಯಿಗೆ ಸಂಶಯ ಬಂತು. ಸತ್ತ ಒಂದು ಸಸಿಯನ್ನು ಅಗೆದು ತೆಗೆದರು. ಆರು ತಿಂಗಳು ಮಣ್ಣಿನಲ್ಲಿದ್ದ ಚೀಲ ಮಡಿಕೆ ಸಮೇತ ಹಾಗೇ ಇತ್ತು. ಗೆದ್ದಲು ಕೂಡ ಹತ್ತಿರ ಬಂದಿರಲಿಲ್ಲ. ಒಳಗೆ ತಾಯಿಬೇರು ತಳಕ್ಕೆ ಮುಟ್ಟಿ, ಹೊರಳಿ, ದಾರಿ ಹುಡುಕಿ, ಮತ್ತೆ ಹೊರಳಿ, ಹಗ್ಗದ ಸಿಂಬಿಯ ಹಾಗೆ ಸುತ್ತಿಕೊಂಡಿತ್ತು. ಇನ್ನೊಂದನ್ನು ಅಗೆದರು. ಅದೂ ಹಾಗೆಯೇ.

ಅವರು ಚೀಲದ ಒಂದು ತುಂಡನ್ನು ಒಲೆಗೆ ಹಾಕಿದರು. ಕಪ್ಪು ಹೊಗೆ ಎದ್ದು ಕಣ್ಣು ಉರಿಯಿತು. ಆ ಹೊಗೆ ಅವರಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಆರು ವರ್ಷ ಅವರು ಗೇರುಬೀಜ ಒಡೆಯುವ ಶೆಡ್ಡಿನಲ್ಲಿ ಕೂತವರು. ಅವರ ಬೆರಳ ತುದಿಯ ಚರ್ಮ ಆ ಎಣ್ಣೆಗೆ ಸುಟ್ಟು ಇವತ್ತಿಗೂ ನುಣ್ಣಗಿದೆ.

ಮರುದಿನ ಅವರು ಗಾಡಿ ಹಾಕಲಿಲ್ಲ. ಎರಡು ಚೀಲ, ಒಂದು ಒಣ ಸಸಿ ಹಿಡಿದು ಬಂಗೂರನಗರಕ್ಕೆ ಬಂದರು. ಶಂಕ್ರಪ್ಪನವರು ಅಂಗಳದಲ್ಲಿ ಹೊಸ ಹಾಳೆ ಹರಡುತ್ತಿದ್ದರು. ಐದು ಸಾವಿರಕ್ಕೆ ತಯಾರಿ ನಡೆದಿತ್ತು. ನಮ್ಮ ಕಟ್ಟೆಯ ಮೇಲೆ ಕೂತವರಿಗೆ ಅವರ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

"ಇದಕ ಏನ ಹಾಕಿದ್ದಿ ಅಣ್ಣಾ?"

"ಸಿಪ್ಪಿ."

"ಮತ್ತ?"

"ಗಂಜಿ."

"ಮತ್ತ?"

ಶಂಕ್ರಪ್ಪನವರು ಕೈ ಒರೆಸಿಕೊಂಡರು. ಸಕ್ಕುಬಾಯಿ ಬಾಗಿಲಿಗೆ ಬಂದು ನಿಂತರು.

"ನಾ ಬಾಯಿ ಬಿಟ್ಟ ಹೇಳ್ಲೇನ?" ಎಂದರು ಇಜಾಬೆಲ್‌ಬಾಯಿ. "ಗೇರೆಣ್ಣಿ ಹಾಕಿದ್ದಿ. ಒಲಿಗೆ ಹಾಕಿ ನೋಡೇನಿ. ಗೆದ್ದಲ ತಿನಬಾರದು ಅಂತ ತೊಲಿಗೆ ಹಚ್ಚೂ ಎಣ್ಣಿನ ಗೆದ್ದಲ ತಿನಬೇಕಾದ ಚೀಲಕ್ಕ ಹಚ್ಚಿದಿ."

"ಅದೂ ಸಿಪ್ಪೀದ ಎಣ್ಣಿ..."

"ನನ್ನ ಕೇಳಿದ್ರ ನಾ ಹೇಳ್ತಿದ್ದೆ. ಆರ ವರ್ಷ ಅದರಾಗ ಕೈ ಇಟ್ಟೇನಿ. ಒಂದ ಮಾತ ಕೇಳಬೇಕಿತ್ತಲ್ಲ? ಬ್ಲೇಡ್ ತೆಗದ ಕೈ ಹಿಡದಿ ನೀನು."

ಅವರು ಕೂಗಲಿಲ್ಲ. ಬೈಯಲೂ ಇಲ್ಲ. ಸೊಂಟದಿಂದ ಬ್ಲೇಡು ತೆಗೆದು ಶಂಕ್ರಪ್ಪನವರ ಕಟ್ಟೆಯ ಮೇಲಿಟ್ಟರು. "ಇನ್ನೂ ನಲವತ್ತ ಹಸಿರ ಅದಾವು. ಬಾ, ನೀನ ಸೀಳು."

ಶಂಕ್ರಪ್ಪನವರು ಅವರ ಜೊತೆ ಅಂದೇ ಬಸ್ಸಿಗೆ ಹೋದರು. ಮೂರು ದಿನ ಹೋದರು. ಅರವತ್ತಾರು ವರ್ಷದವರು ಮೊಣಕಾಲೂರಿ ಒಂದೊಂದೇ ಗುಂಡಿಯ ಮಣ್ಣನ್ನು ಕೈಯಿಂದ ಬಗೆದು, ಚೀಲವನ್ನು ಮೇಲಿನಿಂದ ಕೆಳಕ್ಕೆ ಸೀಳಿ, ಚೂರುಗಳನ್ನು ಎಳೆದು ತೆಗೆದರು. ಅವರೇ ಜಜ್ಜಿ ಗಟ್ಟಿ ಮಾಡಿದ ಹಾಳೆ ಬ್ಲೇಡಿಗೆ ಸುಲಭವಾಗಿ ಬಗ್ಗಲಿಲ್ಲ. ಎರಡು ಸಲ ಕೈ ಕೊಯ್ದುಕೊಂಡರು. ಸುತ್ತಿಕೊಂಡ ಬೇರನ್ನು ಬಿಡಿಸಲು ಹೋದರೆ ಮುರಿಯುತ್ತಿತ್ತು, ಬಿಟ್ಟರೆ ಅದು ಹಾಗೆಯೇ ತನ್ನನ್ನು ತಾನು ಬಿಗಿಯುತ್ತಿತ್ತು. ಇಜಾಬೆಲ್‌ಬಾಯಿ ಹಿಂದಿನಿಂದ ನೀರು ಹೊಯ್ಯುತ್ತ ಬಂದರು. ಮೂರು ದಿನದಲ್ಲಿ ಅವರು ಆಡಿದ್ದು, "ಇದನ್ನ," "ಅದನ್ನ," ಎಂಬ ಎರಡೇ ಮಾತು ಎಂದು ಶಂಕ್ರಪ್ಪನವರು ಹೇಳುತ್ತಾರೆ. ಊಟಕ್ಕೆ ಕರೆದಿದ್ದೆ, ಅವರೇ ಬರಲಿಲ್ಲ ಎಂದು ಇಜಾಬೆಲ್‌ಬಾಯಿ ಹೇಳುತ್ತಾರೆ.

ಏಪ್ರಿಲ್ ಬಿಸಿಲಿಗೆ ಆ ನಲವತ್ತೂ ಹೋದವು. ಬದುವಿನ ಐದರಲ್ಲಿ ಒಂದನ್ನು ದನ ತಿಂದಿತು. ನಾಲ್ಕು ಉಳಿದಿವೆ. ಆ ನಾಲ್ಕರಲ್ಲಿ ತಾಯಿಯ ಮರದ ಹಣ್ಣೇ ಬರುತ್ತದೋ ಬೇರೆ ಬರುತ್ತದೋ ಹೇಳಲಾಗದು. ಬೀಜದ ಹಲಸು ತಾಯಿಯ ಹಾಗೇ ಆಗುತ್ತದೆಂಬ ಭರವಸೆ ಇಲ್ಲವಂತೆ. ಅದಕ್ಕೇ ಎಂಬತ್ತಮೂರು ಬೇಕಾಗಿದ್ದವು ಎಂದರು ಇಜಾಬೆಲ್‌ಬಾಯಿ. "ಅಷ್ಟರಾಗ ಒಂದರ ಅವ್ವನ ಹಂಗ ಆಗ್ತಿತ್ತು."

ಮಹಾಬಳೇಶ್ವರರ ಬಳಿ ಶಂಕ್ರಪ್ಪನವರು ತಾವೇ ಹೋಗಿ ಎಣ್ಣೆಯ ವಿಷಯ ಹೇಳಿದರು. ಅವರು ಹಲಗೆಯನ್ನು ತಿರುಗಿಸಿ ಹಿಂಬದಿಯಲ್ಲಿ 'ಕಸಿ ಮಾವು ಸಿಗುತ್ತದೆ' ಎಂದು ಬರೆಸಿದ್ದಾರೆ. ಸಸಿಗಳು ಈಗ ಮತ್ತೆ ಕಪ್ಪು ಪ್ಲಾಸ್ಟಿಕ್ಕಿನಲ್ಲಿವೆ. ಎಣ್ಣೆ ಇಲ್ಲದ ಚೀಲವನ್ನು ಮಳೆಯಿಂದ ಮರೆಯಾಗಿಟ್ಟರೆ ಸಾಕು ಎಂದು ಬದುವಿನ ಸಸಿಗಳು ತೋರಿಸಿಕೊಟ್ಟಿದ್ದವು. ಅದನ್ನು ಶಂಕ್ರಪ್ಪನವರು ಹೇಳಿ ನೋಡಿದರು. "ಬ್ಯಾಡ್ರಿ, ನಿಮ್ಮ ಸಿಪ್ಪಿ ಸಹವಾಸ ಸಾಕು," ಎಂದರಂತೆ ಅವರು.

ಇಜಾಬೆಲ್‌ಬಾಯಿಯ ಸಿಪ್ಪೆ ಈಗ ಕಸದ ಗಾಡಿಗೆ ಹೋಗುತ್ತದೆ. ಶಂಕ್ರಪ್ಪನವರು ಪೇಟೆಗೆ ಹೋಗಬೇಕಾದರೆ ಬಸ್‌ಸ್ಟ್ಯಾಂಡಿನ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ.

ಐದು ಸಾವಿರಕ್ಕೆಂದು ಮಾಡಿಟ್ಟು ಉಳಿದ ಚೀಲಗಳಲ್ಲಿ ಸಕ್ಕುಬಾಯಿ ಮೊಳೆ, ಸುತಲಿ, ಹೊಲಿಗೆಯ ದಾರ ತುಂಬಿಟ್ಟಿದ್ದಾರೆ. ನೋಡಿದವರೆಲ್ಲ ಕೇಳುತ್ತಾರೆ. ಕಳೆದ ವಾರ ಹಿಂದಿನ ಓಣಿಯ ಸುಶೀಲವ್ವ ಬಂದು ಒಂದನ್ನು ಎಳೆದು ನೋಡಿದರು. "ಅಯ್ಯ, ಎಷ್ಟ ಗಟ್ಟಿ ಅದಾವರಿ ಶಂಕ್ರಪ್ಪಣ್ಣಾರ! ಹರ್ಯಾಕ ಬರಂಗಿಲ್ಲಲ್ಲ! ನನಗೂ ಎರಡ ಮಾಡಿಕೊಡ್ರಿ."

ಶಂಕ್ರಪ್ಪನವರು ಎದ್ದು ಹಿತ್ತಲಿಗೆ ಹೋದರು.

ಹಿತ್ತಲಲ್ಲಿ ನಲ್ಲಿಯ ನೀರು ತೊಟ್ಟಿಕ್ಕುವ ಜಾಗದಲ್ಲಿ ಅವರು ಎಣ್ಣೆ ಸವರಿದ ಒಂದು ಚೀಲ ಹೂತಿದ್ದಾರೆ. ಅದನ್ನು ಹೂತದ್ದು ಹೊಲದಲ್ಲಿ ಚೀಲ ಸೀಳಿ ಬಂದ ಆ ಮೂರನೆಯ ದಿನವೇ. ಪ್ರತಿ ಸೋಮವಾರ ಬೆಳಿಗ್ಗೆ ಅಗೆದು ತೆಗೆಯುತ್ತಾರೆ, ಮಣ್ಣು ತೊಳೆದು ಬಿಸಿಲಿಗೆ ಹಿಡಿಯುತ್ತಾರೆ. ಅಡುಗೆಮನೆಯ ಕಿಟಕಿಯಿಂದ ಸಕ್ಕುಬಾಯಿ ಕೇಳುತ್ತಾರೆ.

"ಇನ್ನೂ ಐತೇನ್ರಿ?"

ಶಂಕ್ರಪ್ಪನವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗೋಡೆಯ ಈಚೆ ನಮಗೂ ಕೇಳಿಸುತ್ತದೆ.

"ಐತಿ," ಎನ್ನುತ್ತಾರೆ. ಮತ್ತೆ ಹೂಳುತ್ತಾರೆ.